ಭಾವನ ಕಾರಿಗೆ ಹೆಣ್ಣು ನೋಡಿದ್ದು

ನಮ್ಮ ಭಾವ ನಿವೃತ್ತಿಯ ಹೊಸ್ತಿಲಲ್ಲಿ, ದುಬೈಯಂಥ ಊರಿನಲ್ಲಿ, ಹೆಣ್ಣು ನೋಡಲು ಹೊರಟರು. ಅದೂ ಹೆಂಡತಿಯನ್ನು, ಅಂದರೆ ನನ್ನ ಅಕ್ಕನನ್ನು, ಪಕ್ಕದಲ್ಲೇ ಕೂರಿಸಿಕೊಂಡು! ಗಾಬರಿಯಾಗಬೇಡಿ. ವರ ಅವರಲ್ಲ, ಅವರ ಕಾರು.

ಹಾಟ್ ರಾಡ್ ಎಂಬುದೊಂದು ಹುಚ್ಚು. ಅಜ್ಜನ ಕಾಲದ ಅಮೆರಿಕನ್ ಕಾರಿನ ಬಾನೆಟ್ ಕಿತ್ತೆಸೆದು, ದೈತ್ಯ ಎಂಜಿನ್ ಕೂರಿಸಿ ಓಡಿಸುವುದು. ಊರಿಗೆ ಹೊರಟಿದ್ದ ಬಿಳಿಯನೊಬ್ಬ ಅಂಥದ್ದೊಂದನ್ನು ಭಾವನ ತಲೆಗೆ ಕಟ್ಟಿ ವಿಮಾನ ಹತ್ತಿದ್ದ. ಬಾಗಿಲಿತ್ತು, ಚಕ್ರವಿತ್ತು, ಎಂಜಿನ್ ಮಾತ್ರ ಇರಲಿಲ್ಲ. ಜನ್ಮವಿಡೀ ಫ್ರಿಜ್ಜಿನ ಗೋದಾಮು ಕಾದ ಉಡುಪಿಯ ಮನುಷ್ಯನಿಗೆ ಇದೆಲ್ಲ ಬೇಕಿತ್ತೇ? ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನ ಮೂಲೆಯಲ್ಲಿ ಅದು ಧೂಳು ತಿನ್ನುತ್ತಾ ಬಿದ್ದಿತ್ತು.

ಅಕ್ಕನ ಕಿವಿ ಆಗಲೇ ಮಂದವಾಗಿತ್ತು. ಕಿವಿಗೆ ಹಾಕುವ ಯಂತ್ರ ಡಬ್ಬಿಯಲ್ಲೇ ತಪಸ್ಸು ಮಾಡುತ್ತಿತ್ತು. "ಅದು ಹಾಕಿದ್ರೆ ತಲೆಯೊಳಗೆ ಜೀರುಂಡೆ ಕೂತ ಹಾಗೆ ಆಗ್ತದೆ" ಎನ್ನುತ್ತಿದ್ದಳು. ಮೊದಲೆಲ್ಲ ಅಲ್ ಮುರಕ್ಕಬಾತ್‌ನ ಅವರ ಫ್ಲ್ಯಾಟಿನ ಕೆಳಗೆ ಭಾವ ಹಾರನ್ ಒತ್ತಿದರೆ, ಮೇಲೆ ಚಹಾಕ್ಕೆ ನೀರು ಕುದಿಯತೊಡಗುತ್ತಿತ್ತು. ಕಿವಿ ಮಂದವಾದ ಮೇಲೆ ಹಾರನ್ನೂ ಇಲ್ಲ, ಬೆಲ್ಲೂ ಇಲ್ಲ. ಭಾವ ತಾವೇ ಬೀಗ ತೆಗೆದು ಅಡುಗೆಮನೆಗೆ ಬಂದರೆ ಅಕ್ಕ ಕಿಟಾರನೆ ಕಿರುಚುತ್ತಿದ್ದಳು. ಒಮ್ಮೆ ಸೌಟು ಬೀಸಿಯೇಬಿಟ್ಟಳು, ಕನ್ನಡಕ ಎರಡು ತುಂಡು!

"ನನ್ನ ಮನೆಗೆ ನಾನೇ ಕಳ್ಳನ ಹಾಗೆ ಬರುದಾಯ್ತಲ್ಲ ಮಾರಾಯ್ತಿ" ಎಂದು ಭಾವ ನಕ್ಕರು.

ಅಕ್ಕ ನಗಲಿಲ್ಲ. "ನೀವು ಬಂದದ್ದೇ ಗೊತ್ತಾಗುದಿಲ್ಲ ನಂಗೆ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಯಾರು ಏನು ಹೇಳಿದರೂ 'ಹೌದೌದು' ಎಂದು ಸುಮ್ಮನಾಗುವುದನ್ನು ರೂಢಿಸಿಕೊಂಡಳು.

ಮನೆಯಲ್ಲಿ ಇಂಥ ಸಂಕಟ ಇರುವಾಗ ಈ ಮಹಾನುಭಾವರು ಎಂಜಿನ್ ಹುಡುಕಲು ಹೊರಟರು!

ಗ್ಯಾರೇಜಿನ ಪಠಾಣ್ ಮೇಸ್ತ್ರಿ, ಕಾರು ಯಾವ ಕಂಪನಿಯದೋ ಅದೇ ಕಂಪನಿಯ ಎಂಜಿನ್ ಹಾಕೋಣ ಎಂದ. ಭಾವ ಹೌಹಾರಿದರು. ನಮ್ಮ ಕಡೆ ಬೇರೆಯವರು ಗೋತ್ರ ನೋಡುವ ಹಾಗೆ ನಾವು ಬಳಿ ನೋಡುತ್ತೇವೆ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ.

"ಒಂದೇ ಬಳಿಯಲ್ಲಿ ಯಾರಾದ್ರೂ ಸಂಬಂಧ ಮಾಡ್ತಾರಾ?" ಎಂದರು ನನ್ನ ಕಡೆ ತಿರುಗಿ. ಅದನ್ನು ಹಿಂದಿಗೆ ಅನುವಾದಿಸುವ ಗ್ರಹಚಾರ ನನ್ನದು. ಪಠಾಣ್ ಗಡ್ಡ ಕೆರೆದುಕೊಂಡು, "ಸಾಬ್, ಯೇ ಇಂಜನ್ ಹೈ, ದುಲ್ಹನ್ ನಹೀ" ಎಂದ. ಇದು ಎಂಜಿನ್ನಂತೆ, ಮದುಮಗಳಲ್ಲವಂತೆ!

ಆದರೂ ಹೆಣ್ಣು ನೋಡುವ ಶಾಸ್ತ್ರ ಬಿಟ್ಟಾರೆಯೇ? ಒಂದು ಶುಕ್ರವಾರ ಅಕ್ಕ ರೇಷ್ಮೆ ಸೀರೆ ಉಟ್ಟು, ಗ್ರೀಸು ಮೆತ್ತಿದ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಡಬ್ಬಿಯಲ್ಲಿ ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು. ಎದುರಿಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಸೈಲೆನ್ಸರ್ ಸಮೇತ, ವಧು!

ಮೊದಲನೆಯದು ಜಪಾನಿನದು. ಚಾಲೂ ಮಾಡಿದರೆ ಸದ್ದು ಬಹಳ ನಯ. ಅಕ್ಕ "ಹೌದೌದು" ಎಂದಳು. ಭಾವ ಎಂಜಿನ್ ಕಡೆ ನೋಡಲೇ ಇಲ್ಲ, ಅಕ್ಕನ ಮುಖವನ್ನೇ ನೋಡಿ "ಬೇಡ" ಎಂದರು.

ಎರಡನೆಯದು ಜರ್ಮನಿಯ ಎಂಟು ಸಿಲಿಂಡರಿನ ಸುಂದರಿ. ಮೈತುಂಬ ಅಲ್ಯೂಮಿನಿಯಂ ಆಭರಣ. ಪಠಾಣ್ ಚಾಲೂ ಮಾಡಿದ. ನನಗಂತೂ ಒಪ್ಪಿಗೆಯಾಯಿತು. ಅಕ್ಕ ಸೆರಗು ಸರಿಮಾಡಿಕೊಂಡು, "ಲಾಯ್ಕುಂಟು. ಯಾವಾಗ ಸ್ಟಾರ್ಟ್ ಮಾಡ್ತಾರೆ?" ಎಂದಳು.

ಪಠಾಣನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವ ಸಜ್ಜಿಗೆಯ ಡಬ್ಬಿ ಮುಚ್ಚಿ, "ಖಲಾಸ್. ನಡೀರಿ" ಎಂದರು.

ಹೀಗೆ ಎಷ್ಟೋ ಶುಕ್ರವಾರ ಹೋದವು. ಗ್ಯಾರೇಜಿನವರೆಲ್ಲ ಸಜ್ಜಿಗೆಗೆ ಒಗ್ಗಿಹೋದರು. ಕೊನೆಗೆ ಪಠಾಣ್ ರೋಸಿಹೋಗಿ, ಅಲ್ ಐನ್‌ನ ಖರ್ಜೂರದ ತೋಟವೊಂದರ ಮುದಿ ಪಿಕಪ್ಪಿನಿಂದ ಬಿಚ್ಚಿದ ಅಮೆರಿಕನ್ ಎಂಜಿನ್ನೊಂದನ್ನು ತಂದು ಕೂರಿಸಿದ. ತುಕ್ಕು, ಎಣ್ಣೆ, ಹೊಗೆ. ಇದಕ್ಕೆ ಯಾರು ವರ ಹುಡುಕಿಯಾರು? "ಭಾವ, ಇದು ನಮಗಿಂತ ಹಿರಿಯದು" ಎಂದೆ. ಸಾಲದ್ದಕ್ಕೆ ಕಾರಿನದೇ ಬಳಿ! ಭಾವ ಆ ಮಾತನ್ನು ಈ ಬಾರಿ ಎತ್ತಲೇ ಇಲ್ಲ.

ಪಠಾಣ್ ಕೀಲಿ ತಿರುಗಿಸಿದ. ಗುಡ್... ಗುಡ್... ಗುಡುಗುಡು! ತಗಡಿನ ಮಾಡು ನಡುಗಿತು, ಅಕ್ಕನ ಕೈಯ ಚಹಾ ಸೀರೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಭಾವನ ಕಡೆ ನೋಡಿದಳು.

"ಇದು ಕೇಳ್ತದೆ!" ಎಂದಳು. "ಇವರೇ, ಇದು ನಂಗೆ ಕೇಳ್ತದೆ!"

ಭಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಪಠಾಣ್ ಎಂಜಿನ್ ಆರಿಸಲು ಹೋದರೆ, "ಇರ್ಲಿ, ಇರ್ಲಿ" ಎಂದು ಅವನ ಕೈ ಹಿಡಿದರು. ಅವತ್ತು ನನಗೆ ಸಜ್ಜಿಗೆ ತಿನ್ನಲಾಗಲಿಲ್ಲ.

ಸರಕಾರಿ ತಪಾಸಣೆಯಲ್ಲಿ ಪಾಸಿಂಗ್ ಆಗಲೆಂದು ಎರಡೆರಡು ಸೈಲೆನ್ಸರ್ ಹಾಕಿಸಿದರೂ ಅದರ ಗುಡುಗು ಪೂರ್ತಿ ಹೋಗಲಿಲ್ಲ. ಪಕ್ಕದ ಫ್ಲ್ಯಾಟಿನವರು ಈಗಲೂ ಗೊಣಗುತ್ತಾರೆ. ಸಂಜೆ ಭಾವ ಬೀದಿಯ ತಿರುವಿಗೆ ಬಂದರೆ ಅಕ್ಕನ ಅಡುಗೆಮನೆಯ ಕಿಟಕಿ ಗಾಜು ಗಡಗಡ ಅದುರುತ್ತದೆ. ಅವಳು ಚಹಾಕ್ಕೆ ನೀರಿಟ್ಟು, ತಲೆಗೂದಲು ನೀವಿಕೊಂಡು, ಭಾವ ಬೀಗಕ್ಕೆ ಕೀಲಿ ಹಾಕುವ ಮೊದಲೇ ಬಾಗಿಲು ತೆರೆಯುತ್ತಾಳೆ.