ತೊಗರಿ ರಾಶಿಯೊಳಗೆ ಐದು ಮಂದಿ

“ಮನ್ಯಾಗ ಅಂಗಡಿ ಇಟ್ರ ಜನ ಅಂಗಡಿಗಿ ಬರೂದಿಲ್ಲವ್ವಾ, ಮನಿಗಿ ಬರ್ತಾರ” ಎಂದು ನನಗೆ ಮೊದಲು ಹೇಳಿದವಳು ಯಾದಗಿರಿಯ ನಮ್ಮ ಸೋದರತ್ತೆ. ಇಪ್ಪತ್ತು ವರ್ಷ ಪಡಸಾಲೆಯಲ್ಲಿ ಹೊಲಿಗೆ ಕ್ಲಾಸು ನಡೆಸಿದವಳು. ಹೊಲಿಗೆ ಕಲಿತು ಹೋದವರಿಗಿಂತ ಚಹಾ ಕುಡಿದು ಹೋದವರೇ ಹೆಚ್ಚು ಅಂತ ಅವಳ ಅನುಭವ. ಆಗ ನಕ್ಕಿದ್ದೆ. ಕತ್ತರಿಗೂ ಕಂಪ್ಯೂಟರಿಗೂ ಫರಕು ಇದೆ ಅಂದುಕೊಂಡಿದ್ದೆ. ಈಗ ವಾರಕ್ಕೊಂದು ಇಂಥದು ನಡೆಯುತ್ತಲೇ ಇರುತ್ತದೆ. ನಗುವುದನ್ನು ಮಾತ್ರ ಕಡಿಮೆ ಮಾಡಿದ್ದೇನೆ.

ವಿಷಯ ಇಷ್ಟೇ. ನಾನು ಕಂಪ್ಯೂಟರ್ ಕಲಿಸುತ್ತಿದ್ದ ಖಾಸಗಿ ಕಾಲೇಜು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕಿತು. ನಲವತ್ತಮೂರನೆಯ ವಯಸ್ಸಿಗೆ ನನ್ನ ಹತ್ತಿರ ಉಳಿದದ್ದು ಒಂದು ಎಂ.ಎಸ್ಸಿ., ಬೀಳ್ಕೊಡುವಾಗ ಹಾರದ ಜೊತೆ ಕೊಟ್ಟ ಎರಡು ಹಳೆಯ ಕಂಪ್ಯೂಟರು, ಮತ್ತು ಶಹಾಪುರದ ನಮ್ಮ ಮನೆಯ ಹೊರಗಿನ ಖೋಲಿ. ಖೋಲಿ ಅಂತೂ ನನಗಾಗಿ ಕಟ್ಟಿದ್ದಲ್ಲ, ಮೈದುನನ ತೊಗರಿ ಚೀಲಗಳಿಗಾಗಿ ಕಟ್ಟಿದ್ದು. ಅವನದು ಕಾಳುಕಡಿ ವ್ಯಾಪಾರ.

“ತೊಗರಿ ಕೊಯ್ದು ರಾಶಿ ಆಗೂತನಕ ಖೋಲಿ ನಿಮ್ದು ವೈನಿ. ಅಷ್ಟೊತ್ತಿಗಿ ಐದು ಮಂದಿ ಕಲಿಯಾಕ ಬಂದ್ರ ಕ್ಲಾಸು ಇರಲಿ. ಇಲ್ಲಂದ್ರ ಚೀಲ ಬರ್ತಾವ” ಅಂದ.

ಅವನ ತಾಯಿ, ನಮ್ಮ ಅತ್ತೆ, ಹೂಂ ಅಂದರು. ನಮ್ಮ ಯಜಮಾನರು ಅವನ ಕಡೆ ನೋಡಿ ಒಮ್ಮೆ, ನನ್ನ ಕಡೆ ನೋಡಿ ಒಮ್ಮೆ ತಲೆಯಾಡಿಸಿದರು. ಐದು ಮಂದಿ ಬರದಿದ್ದರೆ ನಾನು ಮತ್ತೆ ಅಡಿಗೆಮನೆಗೆ. ಅಲ್ಲಿ ಎಂ.ಎಸ್ಸಿ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಹೆಬ್ಬೆಟ್ಟು

ಬಾಗಿಲಿಗೆ ಬೋರ್ಡು ಹಾಕಿದೆ: ‘ಕಂಪ್ಯೂಟರ್ ತರಬೇತಿ. ಮನೆಗೆ ಬಂದು ರಿಪೇರಿ.’ ಎಂಟು ದಿನ ಬೋರ್ಡಿನ ಮೇಲೆ ಗುಬ್ಬಿ ಬಂದು ಕೂತವು. ಒಂಬತ್ತನೆಯ ದಿನ ಒಬ್ಬ ಮುದುಕಿ ಬಂದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾರ್ಡುಗಳು. ಮೊದಲ ಗಿರಾಕಿ!

“ಬಾಯಾರ, ರೇಷನ್ ಅಂಗಡ್ಯಾಗ ಮಷೀನು ನನ್ನ ಹೆಬ್ಬೆಟ್ಟು ಹಿಡೀವಲ್ದು. ನೀವರ ನೋಡ್ರಿ” ಅಂತ ಕೈ ಚಾಚಿದಳು. ವರ್ಷಾನುಗಟ್ಟಲೆ ಹತ್ತಿ ಬಿಡಿಸಿದ ಬೆರಳು. ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು.

“ಅಜ್ಜಿ, ಆ ಮಷೀನು ನನ್ನ ಹತ್ತಿರ ಇಲ್ಲ. ನಾ ಇಲ್ಲಿ ಬರೇ ಕಲಸ್ತೀನಿ” ಅಂದೆ.

ಅವಳು ಕಂಪ್ಯೂಟರನ್ನೂ ನನ್ನನ್ನೂ ನೋಡಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. “ಕಲಸ್ತೀರಿ? ಹಂಗಾರ ನನ್ನ ಹೆಬ್ಬೆಟ್ಟಿಗೇ ಕಲಸ್ರಿ. ನನಗೇನ್ ಬ್ಯಾಡ, ನನಗ ಎಲ್ಲಾ ಬರ್ತದ.”

ಬೆರಳಿನ ಪರೀಕ್ಷೆ

ನಿಜವಾದ ಮೊದಲ ವಿದ್ಯಾರ್ಥಿನಿಯನ್ನು ಅವಳ ಅಪ್ಪ ಕರೆತಂದ. ಡಿಗ್ರಿ ಮುಗಿದ ಹುಡುಗಿ, ನೆಲ ನೋಡುತ್ತ ನಿಂತಿದ್ದಳು.

“ಮೇಡಂ, ಸರ್ಟಿಫಿಕೇಟು ಐತ್ವಾರದೊಳಗ ಬೇಕ್ರಿ” ಅಂದ ಅಪ್ಪ.

“ಮೂರು ತಿಂಗಳ ಕೋರ್ಸು ಅದರಿ.”

“ಮೂರ್ ತಿಂಗಳಿಗಿ ಲಗ್ನಾನ ಆಗಿರ್ತದಲ್ರಿ! ಐತ್ವಾರ ನೋಡಾಕ ಬರ್ತಾರ. ಹುಡಗಿಗಿ ಕಂಪ್ಯೂಟರ್ ಬರ್ತದ ಅಂತ ಹೇಳಿಬಿಟ್ಟೇವಿ.”

ಸರ್ಟಿಫಿಕೇಟು ಕೊಡಲಿಲ್ಲ. ಆದರೆ ಹುಡುಗಿ ಜಾಣೆ, ನಾಲ್ಕು ದಿನಕ್ಕೆ ಟೈಪು ಮಾಡಲು ಕಲಿತಳು. ಇವಳನ್ನು ಬಿಡಬಾರದು ಅಂತ ನಾನೂ ಜೀವ ತೇಯ್ದು ಕಲಿಸಿದೆ. ಆ ಭಾನುವಾರ ಬೀಗರಾಗುವವರು ಅವಳ ಮನೆಯಲ್ಲಿ ಉಪ್ಪಿಟ್ಟು ತಿಂದು ನೇರ ನನ್ನ ಖೋಲಿಗೆ ಬಂದರು. ಹಾಡು ಹೇಳಿಸುವ, ನಡೆಸಿ ನೋಡುವ ಕಾಲ ಮುಗಿದಿತ್ತು. ವರನ ತಾಯಿ ಕುರ್ಚಿಯ ಹಿಂದೆ ನಿಂತು, “ಬಡಿಯವ್ವಾ, ನೋಡೂನು” ಅಂದಳು.

ಹುಡುಗಿ ತಲೆ ಎತ್ತದೆ ಒಂದು ಪುಟ ಟೈಪು ಮಾಡಿದಳು. ಒಂದೂ ತಪ್ಪಿಲ್ಲ. ವರನ ತಾಯಿ ಪರದೆಯ ಕಡೆ ನೋಡಲೇ ಇಲ್ಲ, ಕೈಯನ್ನೇ ನೋಡಿದಳು. ಆಮೇಲೆ ಗಂಡನಿಗೆ ಹೇಳಿದಳು: “ಬೆರಳು ಚುರುಕ್ ಅದಾವ ನೋಡ್ರಿ. ರೊಟ್ಟಿ ಛಲೋ ಬಡೀತಾಳ.”

ಹದಿನೈದು ದಿನಕ್ಕೆ ನಿಶ್ಚಯ. ಕ್ಲಾಸು ಬಿಟ್ಟಳು. ನನ್ನ ಲೆಕ್ಕ ಮತ್ತೆ ಸೊನ್ನೆಗೆ ಬಂತು. ಆದರೆ ನನ್ನಲ್ಲಿ ಕಲಿತವರಿಗೆ ಬೇಗ ಲಗ್ನ ಕೂಡುತ್ತದೆ ಅಂತ ಓಣಿ ತುಂಬ ಹೆಸರಾಯಿತು.

ಕೌದಿ

ಕಲಿಯುವವರು ಇಲ್ಲದಾಗ ರಿಪೇರಿಗೆ ಹೊರಟೆ. ರಂಗಂಪೇಟೆಯಿಂದ ಒಬ್ಬ ರಿಟೈರ್ಡ್ ಮಾಸ್ತರರ ಫೋನು: “ಕಂಪ್ಯೂಟರ್ ಚಾಲೂ ಆಗ್ತದ್ರಿ, ಹತ್ತು ಮಿನಿಟಿಗಿ ತಾನ ಬಂದ್ ಆಗ್ತದ.” ಸುರಪುರದ ತನಕ ಬಸ್ಸಿನಲ್ಲಿ ನಿಂತೇ ಹೋದೆ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಯಾವ ಭಾಗ ಕೆಟ್ಟಿರಬಹುದು ಅಂತ ಯೋಚನೆ.

ಹೋಗಿ ನೋಡಿದರೆ ಯಾವ ಭಾಗವೂ ಕೆಟ್ಟಿಲ್ಲ. ಧೂಳಾಗಬಾರದು, ಥಂಡಿ ಹತ್ತಬಾರದು ಅಂತ ಸಿಪಿಯುವಿಗೆ ದಪ್ಪ ಕೌದಿ ನಾಲ್ಕು ಮಡಿಕೆ ಮಾಡಿ ಹೊದಿಸಿದ್ದರು. ಮುಟ್ಟಿದರೆ ರೊಟ್ಟಿ ಹಂಚು.

“ಸರ್, ಇದಕ್ಕ ಗಾಳಿ ಬೇಕು. ಕೌದಿ ಹೊಚ್ಚಿದ್ರ ಕಾಯ್ದು ಬಂದ್ ಆಗ್ತದ” ಅಂದೆ.

ಮಾಸ್ತರರಿಗೆ ಸಿಟ್ಟು ಬಂತು. “ಹ್ಯಾಂಗ್ರಿ ಆಗ್ತದ? ಅರವತ್ತು ವರ್ಷದಿಂದ ನಾ ಇದ ಕೌದಿ ಹೊತಗೊಂಡು ಮಲಗಾಕತ್ತೇನಿ. ನಾ ಎಂದರ ಬಂದ್ ಆಗೇನೇನು?”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಬಂದ್ ಆಗಾಕ ನೀವು ಚಾಲೂ ಆಗಿದ್ದರ ಯಾವಾಗ್ರೀ?”

ಕೊಸರು

ರಾಶಿ ಬಂತು. ಅಷ್ಟರಲ್ಲಿ ನನ್ನ ಕ್ಲಾಸಿಗೂ ಜೀವ ಬಂದಿತ್ತು. ಇಬ್ಬರು ಅಂಗನವಾಡಿಯವರು, ಒಬ್ಬ ಬಳೆ ಅಂಗಡಿಯಾಕೆ, ಪಕ್ಕದ ಓಣಿಯ ಸೊಸೆಯೊಬ್ಬಳು. ಕೊನೆಯವಳು ಕಂಪ್ಯೂಟರ್ ಕಲಿಯಲು ಬಂದಳೋ, ಅತ್ತೆಯ ಕಣ್ಣು ತಪ್ಪಿಸಲು ಬಂದಳೋ, ನಾನು ಕೇಳಲಿಲ್ಲ. ಒಟ್ಟು ನಾಲ್ಕು. ಐದನೆಯವಳಿಗಾಗಿ ಓಣಿ ಓಣಿ ತಿರುಗಿದೆ, ಸಿಗಲಿಲ್ಲ.

ಒಂದು ಮುಂಜಾನೆ ಬಾಗಿಲಿಗೆ ಟ್ರ್ಯಾಕ್ಟರು ನಿಂತಿತು. ಹಮಾಲರು ಮೊದಲ ಚೀಲ ಬೆನ್ನಿಗೇರಿಸಿದರು. ಒಳಗೆ ನಾಲ್ವರೂ ಕೂತೇ ಇದ್ದರು. ಮೈದುನ ಹೊಸ್ತಿಲಲ್ಲಿ ನಿಂತು ಎಣಿಸಿದ.

“ನಾಕ ಆತು ವೈನಿ. ಮಾತು ಐದರದಿತ್ತು.”

ನಾನು ಕಂಪ್ಯೂಟರಿನ ವಾಯರು ಬಿಚ್ಚಲು ಬಗ್ಗಿದೆ. ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣದಿರಲಿ ಅಂತ ಟೇಬಲ್ಲಿನ ಕೆಳಗೇ ಸ್ವಲ್ಪ ಹೊತ್ತು ಉಳಿದೆ. ಆಗ ಅತ್ತೆಯ ದನಿ ಕೇಳಿತು.

“ಏ ಯಪ್ಪಾ, ನೀ ಕಾಳು ಅಳಿಯೂ ಮುಂದ ಅಳತಿ ಮ್ಯಾಲ ಕೊಸರು ಹಾಕ್ತೀಯೋ ಇಲ್ಲೋ?”

“ಹಾಕ್ತೀನಿ. ಒಂದು ಬೊಗಸಿ ಹೆಚ್ಚಿಗಿ ಹಾಕಲಿಲ್ಲಂದ್ರ ಯಾರ್ ತಗೋತಾರ?”

“ಹಂಗಾರ ಇವು ನಾಕ. ನಾ ಕೊಸರು.” ಅತ್ತೆ ಸೆರಗು ಸಿಕ್ಕಿಸಿಕೊಂಡು ಐದನೆಯ ಕುರ್ಚಿಯಲ್ಲಿ ಕೂತರು. ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವರು.

ವ್ಯಾಪಾರಿ ಮಗ ಕೊಸರಿಗೆ ಹೇಗೆ ಇಲ್ಲ ಅಂದಾನು? ಅರ್ಧ ಖೋಲಿ ಚೀಲಕ್ಕೆ, ಅರ್ಧ ಕ್ಲಾಸಿಗೆ ಅಂತಾಯಿತು. “ಈ ಒಂದ ಸಲ ವೈನಿ. ಮುಂದಿನ ರಾಶಿಗಿ ಕೊಸರು ನಡ್ಯಂಗಿಲ್ಲ” ಅಂತ ಹೇಳಿಯೇ ಹೋದ.

ಕೂತ ಮೇಲೆ ಕಲಿಯಬೇಕಲ್ಲ? ಕೀಲಿಗಳ ಮೇಲೆ ಕನ್ನಡ ಅಕ್ಷರ ಅಂಟಿಸಿದ್ದೆ. “ಅತ್ತಿ, ಏನು ಬರೀತೀರಿ?” ಅಂದೆ. ಅವರು ಗೋಡೆಯ ಮೇಲಿದ್ದ ಮಾವನವರ ಫೋಟೋದ ಕಡೆ ಬೆರಳು ತೋರಿಸಿದರು. ಮಾವ ತೀರಿ ಆರು ವರ್ಷ. ಇದ್ದಾಗಲೂ ಇಲ್ಲದಾಗಲೂ ಅತ್ತೆ ಆ ಹೆಸರನ್ನು ಬಾಯಿಬಿಟ್ಟು ಅಂದವರಲ್ಲ. ಲಗ್ನದ ದಿನ ಒಡಪು ಹಾಕಿ, ಪದ್ಯದೊಳಗೆ ಹೆಣೆದು ಹೇಳಿದ್ದೇ ಕೊನೆ.

“ಬಾಯಿಲೆ ಅನ್ನಬಾರದು. ಬೆರಳಿಲೆ ಒತ್ತಿದ್ರ ದೋಷ ಇಲ್ಲೇನು?” ಅಂತ ಕೇಳಿದರು.

“ಇಲ್ರಿ” ಅಂದೆ. ಕಂಪ್ಯೂಟರ್ ಶಾಸ್ತ್ರ ನನಗಲ್ಲದೆ ಇನ್ನಾರಿಗೆ ಗೊತ್ತು?

ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹೊರೆ ಇಳಿಸುತ್ತಿದ್ದ ಹಮಾಲರೂ ನಿಂತು ನೋಡಿದರು. ಹೆಸರಿನ ಕೊನೆಗೆ ಇದ್ದದ್ದು ‘ಪ್ಪ’. ಆ ಕೊನೆಯ ‘ಪ’ದ ಮೇಲೆ ಇಟ್ಟ ಬೆರಳನ್ನು ಅತ್ತೆ ಎತ್ತಲೇ ಇಲ್ಲ. ಪಪಪಪಪ ಅಂತ ಒಂದು ಸಾಲು ತುಂಬಿತು, ಎರಡನೆಯದು ತುಂಬಿತು, ಪರದೆ ಕೆಳಗಿನ ತನಕ ಇಳಿಯುತ್ತ ಹೋಯಿತು.

ಅತ್ತೆ ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟರು. “ನೋಡವ್ವಾ, ಖರೇ ಅವರ ಬಂದಾರ. ಜೀವ ಇದ್ದಾಗನೂ ಹಿಂಗ, ಒಮ್ಮಿ ಬಾಯಿ ತಗದ್ರ ಮುಗಸೂ ಮಾತೇ ಇರಲಿಲ್ಲ.”

ಇಷ್ಟು ಕೇಳಿದ ಮೇಲೆ ನೀವೂ ನಿಮ್ಮ ಓಣಿಯಲ್ಲಿ ನಾಲ್ವರ ಕಿವಿಗೆ ಹಾಕಿ. ಬರುವ ರಾಶಿಯೊಳಗೆ ನನಗೆ ಐದನೆಯವಳು ಬೇಕು. ಚೀಲ ದಾಟಿ ಒಳಗೆ ಬರುವಾಗ ಸೆರಗು ಜೋಪಾನ ಅಂತಲೂ ಹೇಳಿ.