ನೆಂಟರಿಲ್ಲದ ದ್ವೀಪ

ವತ್ಸಲಾ ಪ್ರತಿವರ್ಷ ರಜೆಯಲ್ಲಿ ಮಂಗಳೂರಿಗೆ ಹೋಗುವುದೆಂದರೆ ಊರಿಗೆ ಹೋದಂತಲ್ಲ, ಅಂಚೆ ಹಂಚಲು ಹೋದಂತೆ. ದೋಹಾದ ಬಿನ್ ಮಹಮೂದ್ ಬಡಾವಣೆಯ ಅವರ ಮೂರಂತಸ್ತಿನ ಕಟ್ಟಡದಲ್ಲಿ ಯಾರು ಊರಿಗೆ ಹೊರಟರೂ ಉಳಿದವರ ಪೊಟ್ಟಣಗಳನ್ನು ಒಯ್ಯಬೇಕು. ಕಳೆದ ಸಲ ವಿಮಾನದಲ್ಲಿ ಅವಳ ಪಾಲಿನ ಮೂವತ್ತು ಕಿಲೋದಲ್ಲಿ ಇಪ್ಪತ್ತಾರು ಕಿಲೋ ಪರರ ಹಾಲುಪುಡಿ, ಖರ್ಜೂರ, ನೋವಿನ ಮುಲಾಮು. ಅವನ್ನು ಮುಟ್ಟಿಸಲು ಮನೆ ಹುಡುಕುವುದರಲ್ಲೇ ಹನ್ನೊಂದು ದಿನ ಕಳೆದವು.

ಹಾಗಾಗಿ ಈ ಶುಕ್ರವಾರ, ಗಂಡ ಲಕ್ಷ್ಮೀಪತಿ ಮೂರನೆಯ ನೀರುದೋಸೆಗೆ ಕೈಹಾಕಿದ ಶುಭಮುಹೂರ್ತದಲ್ಲಿ, ಅವಳು ಟ್ರಾವೆಲ್ಸಿನವರ ಬಣ್ಣದ ಕಾಗದವನ್ನು ಮುಂದಿಟ್ಟಳು.

"ಇದು ಸ್ಯಾಂಟೊರಿನಿ, ಗ್ರೀಸಿನ ದ್ವೀಪ. ಬೆಂಕಿಪರ್ವತ ಸಿಡಿದು ಆದದ್ದಂತೆ. ಬಂಡೆಯ ತುದಿಯಲ್ಲಿ ಬಿಳೀ ಮನೆಗಳು, ನೀಲಿ ಗುಮ್ಮಟಗಳು. ಅಲ್ಲಿ ಸೂರ್ಯ ಮುಳುಗುವುದನ್ನು ನೋಡ್ಲಿಕ್ಕೆ ಲೋಕದ ಜನ ಬರ್ತಾರೆ."

"ಸೂರ್ಯ ಪಣಂಬೂರಿನಲ್ಲೂ ಮುಳುಗ್ತಾನಲ್ಲ ಮಾರಾಯ್ತಿ."

"ಪಣಂಬೂರಿನಲ್ಲಿ ನಿಮ್ಮ ಅತ್ತಿಗೆಯೂ ಇದ್ದಾರೆ. ಈ ದ್ವೀಪದಲ್ಲಿ ನಮ್ಮವರು ಅಂತ ಒಂದು ನರಪಿಳ್ಳೆ ಇಲ್ಲ."

"ಮೀನು ಸಿಗ್ತದಾ?"

"ಸುತ್ತ ಸಮುದ್ರ ಇರುವಾಗ ಮೀನಲ್ಲದೆ ಮತ್ತೆಂತ, ಗೋಡಂಬಿ ಸಿಗ್ತದಾ?"

ಅಲ್ಲಿಗೆ ಮಾತು ಖಲಾಸ್. ವೀಸಾ ಬಂತು. ಈ ಸಲ ತಲೆಗೆ ಇಪ್ಪತ್ತೇ ಕಿಲೋ. ಅವಳ ಪೆಟ್ಟಿಗೆ ಬರೀ ಹನ್ನೊಂದು. (ಗಂಡನ ಪೆಟ್ಟಿಗೆಯನ್ನು ಕುಚ್ಚಲಕ್ಕಿ ತುಂಬಿತ್ತು.) ಸುಮ್ಮನಿರಬಹುದಿತ್ತು. ಆದರೆ ವತ್ಸಲಾ ಮನೆಮನೆಗೆ ಹೋಗಿ, "ನಾವು ಸ್ಯಾಂಟೊರಿನಿಗೆ ಹೋಗುವುದು, ಈ ಸಲ ಯಾರ ಪೊಟ್ಟಣವೂ ಒಯ್ಯಲಿಕ್ಕಾಗುವುದಿಲ್ಲವಲ್ಲ" ಎಂದು ಮುಖ ಸಣ್ಣದು ಮಾಡಿ ಹೇಳಿಬಂದಳು.

ಸಂಜೆಯೇ ಮೇಲಿನ ಮನೆಯ ಮ್ಯಾಗ್ಡಲಿನ್ ಟೇಪು ಸುತ್ತಿದ ಗಂಟಿನೊಡನೆ ಇಳಿದಳು.

"ವತ್ಸಲಕ್ಕಾ, ದೇವರೇ ಕಳಿಸಿದ ಹಾಗಾಯ್ತು! ನನ್ನ ತಮ್ಮ ಪ್ರವಾಸಿಗರ ಹಡಗಿನಲ್ಲಿ ಅಡುಗೆಯವ. ಪ್ರತಿ ಬುಧವಾರ ಅವನ ಹಡಗು ಅಲ್ಲೇ ನಿಲ್ತದೆ. ಸ್ವಲ್ಪ ಒಣಸೀಗಡಿ ಚಟ್ನಿ, ಉಪ್ಪಿನಕಾಯಿ, ಅಷ್ಟೇ."

ಆ 'ಸ್ವಲ್ಪ' ಆರೂವರೆ ಕಿಲೋ ತೂಗಿತು. ಎರಡು ವರ್ಷ ವತ್ಸಲಾಳ ತಾಯಿಗೆ ಮಾತ್ರೆ ಒಯ್ದವಳು ಇದೇ ಮ್ಯಾಗ್ಡಲಿನ್; ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವಳ ಹಿಂದೆಯೇ ಕೆಳಗಿನ ಅಂಗಡಿಯ ಯಾಕೂಬ್ ಬಂದ. ಅವನ ಅಕ್ಕನ ಮಗನೂ ಅದೇ ಹಡಗಿನಲ್ಲಿದ್ದ. ನಾಲ್ಕು ಕಿಲೋ.

ವತ್ಸಲಾ ಕೂಡಿಸಿದಳು: ಇಪ್ಪತ್ತೊಂದೂವರೆ. ತನ್ನ ಎರಡು ಸೀರೆ ಹೊರಗೆ ತೆಗೆದಳು.

ಬಾಗಿಲು ದಾಟಿದ ಮ್ಯಾಗ್ಡಲಿನ್ ಮತ್ತೆ ಇಣುಕಿದಳು. "ಹಾಂ, ತಮ್ಮನೂ ಅಮ್ಮನಿಗೆ ಒಂದು ಸಣ್ಣ ಪೆಟ್ಟಿಗೆ ಕೊಡ್ತಾನೆ. ಬರುವ ತಿಂಗಳೊಳಗೆ ಮಂಗಳೂರಿಗೆ ಮುಟ್ಟಿಸಿದರೆ ಸಾಕು."

ಲಕ್ಷ್ಮೀಪತಿ ಆಗಲೇ ಕ್ಯಾಲೆಂಡರ್ ಇಳಿಸಿದ್ದ.

"ರಜೆ ಮೂವತ್ತು ದಿನ. ನಾಲ್ಕು ದಿನ ದ್ವೀಪ, ಉಳಿದ ಇಪ್ಪತ್ತಾರು ಊರು. ಅತ್ತಿಗೆಗೆ ಫೋನ್ ಮಾಡ್ತೇನೆ. ಗ್ರೀಸಿನಿಂದ ಏನು ಬೇಕೂಂತ ಕೇಳಬೇಕಲ್ಲ?"