ಗುರುಪುತ್ರಪ್ಪನವರ ಎದೆಯ ಫೋಟೋ

ಖಾನಾಪುರದ ಅಕ್ಕಿ ವ್ಯಾಪಾರಿ ಗುರುಪುತ್ರಪ್ಪನವರು ಅಂದು ಬೆಳಗಾವಿಯ ಬಸ್ಸು ಹತ್ತಿದ್ದು ರೋಗಿಯಾಗಿ ಅಲ್ಲ, ದಂಡಯಾತ್ರೆಗೆ ಹೊರಟ ಅರಸನಾಗಿ! ಮಗಳು ಕಾಂತಾಳನ್ನು ನೋಡಲು ಬಂದ, ಬೆಳಗಾವಿಯದೇ ವಡಗಾವಿ ಪೇಟೆಯ ಸೀರೆ ವ್ಯಾಪಾರಿ ಬಾಳಾಸಾಹೇಬರು ತಮ್ಮ ಮಗನಿಗೆ ಹುಡುಗಿಯನ್ನು ಒಪ್ಪಿದ್ದರು. ಆದರೆ ಭಾವಿ ಬೀಗರ ಕೆಮ್ಮು ಕೇಳಿ ಅವಲಕ್ಕಿಯ ತಾಟು ಕೆಳಗಿಟ್ಟಿದ್ದರು. "ಕ್ಷಯ ಗಿಯ ಇರಬಾರದಲ್ರಿ. ಎದಿದೊಂದು ಫೋಟೋ ತಗಸ್ರಿ." ಆ ಕೆಮ್ಮು ತೌಡಿನ ಧೂಳಿನದೆಂದು ಊರಿಗೆಲ್ಲ ಗೊತ್ತು.

"ಅವರ ಎದುರಿಗೇ ತಗಸ್ತೀನಿ. ನನ್ನ ಎದಿಯೊಳಗ ಏನೈತಿ ಅಂತ ಕಣ್ಣಾರೆ ನೋಡಲಿ," ಎಂದು ಹೆಂಡತಿ ಶಿವಲಿಂಗವ್ವನ ಮುಂದೆ ಗುಡುಗಿ ಹೊರಟರು. ಎಪ್ಪತ್ತೆಂಟನೆಯ ಇಸವಿಯ ಮಾತು. ಎದೆಯೊಳಗೆ ಇಣುಕಲು ಆಗ ಎಕ್ಸ್-ರೇ ಒಂದೇ ಕಿಟಕಿ.

"ಅಂಗಿ ತಗೀರಿ. ಎದಿ ಮ್ಯಾಲ ಲೋಹದ್ದೇನೂ ಇರಬಾರದು. ಉಸರ ಬಿಗಿಹಿಡೀರಿ," ಎಂದ ಎಕ್ಸ್-ರೇ ಕೋಣೆಯವನು. ಗುರುಪುತ್ರಪ್ಪನವರು ಅಂಗಿ ಕಳಚಿದರು, ಚೈನು ಕಳಚಿದರು, ಲಿಂಗದ ಬೆಳ್ಳಿ ಕರಡಿಗೆಯನ್ನೂ ಕಳಚಿದರು. ಆದರೆ ಒಳಗಿನ ಇಷ್ಟಲಿಂಗ ಮೈ ಬಿಡುವಂತಿಲ್ಲ, ಬಿಟ್ಟರೆ ಪ್ರಾಣ ಬಿಟ್ಟಂತೆ. ಅದು ಕಲ್ಲು, ಲೋಹವಲ್ಲ. ಎದೆಯ ಮೇಲೆ ತಾನೇ ಬೇಡ ಅಂದದ್ದು? ಅರಿವೆಯಲ್ಲಿ ಕಟ್ಟಿ ಬೆನ್ನಿಗೆ ಸರಿಸಿ, ಮೇಲೆ ಶಲ್ಯ ಹೊದ್ದು, ಎದೆ ಉಬ್ಬಿಸಿ ನಿಂತರು. ಎಕ್ಸ್-ರೇ ಕಿರಣ ಬೆನ್ನಿನಿಂದ ಎದೆಗೆ ಹಾಯ್ದು ಹೋಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂಬಯಿಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಮುಖ ಸಣ್ಣದು ಮಾಡಿದರು. ಎದೆಯ ನಡುವೆ ನಿಂಬೆಕಾಯಿಯಷ್ಟು ಬಿಳಿ ಗುಂಡು. "ಗಡ್ಡೆ ಇರಬಹುದು. ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿ." ಫೋಟೋ ನೋಡಲೆಂದೇ ಬಂದಿದ್ದ ಬಾಳಾಸಾಹೇಬರೂ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

"ದೇವರು ನಿಮಗ ಚಲೋ ಮಾಡ್ಲಿ. ಈ ಸಂಬಂಧ ಇಲ್ಲಿಗೇ ಬಿಡೂಣು."

ಕಾಂತಾ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಸುದ್ದಿ ಊರು ಸುತ್ತಿತು. ಇನ್ನು ಈ ಮನೆಯ ಹುಡುಗಿಯನ್ನು ಕೇಳುವವರು ಯಾರು? ನೆಂಟರಂತೂ ಬಂದು, ಇನ್ನೂ ಸಾಯದವರ ಮುಂದೆ ಕೂತು ಅತ್ತು, ಚಹಾ ಕುಡಿದು ಹೋದರು. ಅಳದಿದ್ದವಳು ಶಿವಲಿಂಗವ್ವ ಒಬ್ಬಳೇ.

"ಫೋಟೋ ತಗಿಯೂವಾಗ ಲಿಂಗ ಎಲ್ಲಿತ್ರಿ?"

"ಬೆನ್ನಾಗ."

"ದಿನಾ ಅಂಗೈಯಾಗ ಇಟಗೊಂಡು ಪೂಜಿ ಮಾಡ್ತೀರಿ. ಅವತ್ತೂ ಅಂಗೈಯಾಗ ಹಿಡಕೊಂಡು ನಿಂದ್ರಾಕ ಏನಾಗಿತ್ತು?"

ಗುರುಪುತ್ರಪ್ಪನವರು ಬೆಳಗಾವಿಗೆ ಓಡಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಮತ್ತೆ ಎಕ್ಸ್-ರೇಗೆ ನಿಂತರು. ಈ ಸಲದ ಫಿಲ್ಮಿನಲ್ಲಿ ಎದೆ ತೊಳೆದಿಟ್ಟ ತಾಟಿನಂತಿತ್ತು. ಅದನ್ನು ವಿಜಯಪತಾಕೆಯಂತೆ ಎತ್ತಿ ಹಿಡಿದು ವಡಗಾವಿಯ ಓಣಿಗಳಲ್ಲಿ ನಡೆದರು. ಬಾಳಾಸಾಹೇಬರ ಮನೆಯ ಮುಂದೆ ಮದುವೆಯ ಹಂದರ ಹಾಕುತ್ತಿದ್ದರು.

"ಆ ಗುಂಡು ನನ್ನ ಲಿಂಗರೀ," ಎಂದರು ಗುರುಪುತ್ರಪ್ಪನವರು, ಏದುಸಿರು ಬಿಡುತ್ತ. "ಡಾಕ್ಟರಗ ತಿಳೀಲಿಲ್ಲ. ನೀವೂ ತಪ್ಪು ತಿಳಕೊಂಡ್ರಿ."

ಬಾಳಾಸಾಹೇಬರು ಫಿಲ್ಮಿನ ಕಡೆ ನೋಡಲೂ ಇಲ್ಲ.

"ನಾ ಏನು ಲಿಂಗ ಕಟ್ಟಿಲ್ಲೇನ್ರಿ? ಅವತ್ತ ನೋಡಿದ ಕೂಡಲೇ ಗೊತ್ತಾಗಿತ್ತು. ಅಷ್ಟರಾಗ ನನ್ನ ಮಗಗ ಹುಬ್ಬಳ್ಳಿಯಿಂದ ದೊಡ್ಡ ಸಂಬಂಧ ಬಂದಿತ್ತು, ನಿಮಗ ಹ್ಯಾಂಗ ಒಲ್ಲೆ ಅನ್ನೂದು ಅಂತ ಚಿಂತಿ ಮಾಡಾಕತ್ತಿದ್ದೆ. ಇರ್ಲಿ, ಬರ್ರಿ, ಕುಂದರ್ರಿ. ಹೋಳಿಗಿ ಉಂಡು ಹೋಗ್ರಿ."